ರತ್ನಕ್ಕನಿಗೆ ಗೊತ್ತುಂಟು

ಕಾಪು ಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗದಿಂದ ನೂರು ಹೆಜ್ಜೆ ಒಳಗೆ ಡಾಕ್ಟರ್ ರಾಮದಾಸರ ಕ್ಲಿನಿಕ್. ಅದು ಶುರುವಾಗಿ ಮೂವತ್ತೊಂದು ವರ್ಷವಾಗಿತ್ತು. ಶುರುವಾದ ಮೂರನೆಯ ತಿಂಗಳಿಗೆ ನರ್ಸಾಗಿ ಸೇರಿದ ರತ್ನಾವತಿ ಇನ್ನೂ ಅಲ್ಲೇ ಇದ್ದರು. ಎಲ್ಲೂರಿನ ಮನೆಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಎಂಟೂವರೆಗೆ ಬಾಗಿಲು ತೆಗೆದು, ಇಂಜೆಕ್ಷನ್ ಕೋಣೆಯ ಮೇಜು ಒರೆಸುವುದರಿಂದ ಅವರ ದಿನ ಆರಂಭ. ಊರಿನವರಿಗೆಲ್ಲ ಅವರು ರತ್ನಕ್ಕ.

ಕ್ಲಿನಿಕ್ಕಿನಲ್ಲಿ ಪ್ರತಿಯೊಬ್ಬ ರೋಗಿಗೂ ಒಂದು ದಪ್ಪ ಕಾಗದದ ಕಾರ್ಡು ಇತ್ತು. ಅದರಲ್ಲಿ ಹೆಸರು, ವಯಸ್ಸು, ತಾರೀಕು, ಮತ್ತು ರಾಮದಾಸರ ಅಕ್ಷರದಲ್ಲಿ ಒಂದು ಸಾಲು ಔಷಧಿ. ಕಾರ್ಡಿನಲ್ಲಿ ಇಲ್ಲದ್ದು ರತ್ನಕ್ಕನ ತಲೆಯಲ್ಲಿ ಇರುತ್ತಿತ್ತು. ಯಾರ ತಾಯಿಗೆ ಸಕ್ಕರೆ ಕಾಯಿಲೆ, ಯಾರಿಗೆ ಎರಡನೆಯ ಹೆರಿಗೆಯಲ್ಲಿ ಬಿಪಿ ಏರಿತ್ತು, ಯಾರಿಗೆ ಯಾವ ಔಷಧಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ, ಎಲ್ಲವೂ. ರೋಗಿ ಒಳಗೆ ಬರುವಾಗ ಅವರು ಬಾಗಿಲ ಬಳಿ ನಿಂತು, "ಡಾಕ್ಟ್ರೆ, ಇವರಿಗೆ ಸಲ್ಫಾ ಮಾತ್ರೆ ಆಗುವುದಿಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದರು. ರಾಮದಾಸರು ತಲೆಯಾಡಿಸಿ ಬೇರೆ ಔಷಧಿ ಬರೆಯುತ್ತಿದ್ದರು. ಮೂವತ್ತೊಂದು ವರ್ಷ ಹಾಗೆಯೇ ನಡೆದಿತ್ತು.

ಎರಡು ವರ್ಷದ ಹಿಂದೆ ರಾಮದಾಸರ ಅಕ್ಕನ ಮಗಳು ಸಮೀಕ್ಷಾ ಕ್ಲಿನಿಕ್ಕಿಗೆ ಬಂದಳು. ಮಣಿಪಾಲದಲ್ಲಿ ಓದಿ, ಅಲ್ಲಿಯೇ ನಾಲ್ಕು ವರ್ಷ ಕೆಲಸ ಮಾಡಿ, ಮಾವನ ಜೊತೆ ಫ್ಯಾಮಿಲಿ ಡಾಕ್ಟರಾಗಿ ಸೇರಿದವಳು. ಸಣ್ಣ ಕ್ಲಿನಿಕ್ಕುಗಳಿಗೆ ಕೊಡುವ ಗುಣಮಟ್ಟದ ಪ್ರಮಾಣಪತ್ರ ತಮ್ಮ ಕ್ಲಿನಿಕ್ಕಿಗೂ ಸಿಗಬೇಕೆಂಬುದು ಅವಳ ಆಸೆ. ಅದಕ್ಕೆ ಏನೇನು ಇರಬೇಕೆಂಬ ನಲವತ್ತು ಪುಟದ ಪುಸ್ತಕವೊಂದು ಅವಳ ಮೇಜಿನ ಮೇಲೆ ಸದಾ ಇರುತ್ತಿತ್ತು. ಅದನ್ನು ನೋಡಿ ಅವಳು ಒಂದೊಂದೇ ಬದಲಾವಣೆ ತಂದಳು. ಬಳಸಿದ ಸೂಜಿ ಹಾಕಲು ಬೇರೆ ಡಬ್ಬ ಬಂತು. ಆಮ್ಲಜನಕದ ಸಿಲಿಂಡರ್ ಬಂತು. ತುರ್ತಿನ ಔಷಧಿಗಳ ಒಂದು ತಟ್ಟೆ ಇಂಜೆಕ್ಷನ್ ಕೋಣೆಯ ಕಪಾಟಿನಲ್ಲಿ ಕೂತಿತು. ಅದರ ಔಷಧಿಗಳ ಅವಧಿ ಮುಗಿಯುವ ತಾರೀಕನ್ನು ತಿಂಗಳಿಗೊಮ್ಮೆ ನೋಡಬೇಕು. ರತ್ನಕ್ಕ ಇದಕ್ಕೆಲ್ಲ ಒಪ್ಪಿದರು, ಅಚ್ಚುಕಟ್ಟಾಗಿ ಮಾಡಿದರು ಕೂಡ. ಒಂದು ವಿಷಯಕ್ಕೆ ಮಾತ್ರ ಒಪ್ಪಲಿಲ್ಲ.

ಔಷಧಿ ಕೊಡುವ ಮೊದಲು ರೋಗಿಯ ಹೆಸರು ಮತ್ತು ಜನ್ಮದಿನಾಂಕ ಕೇಳಬೇಕು, ಆಗದ ಔಷಧಿ ಯಾವುದೆಂದು ಕೇಳಿ ಕಾರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಯಬೇಕು ಎಂದು ಪುಸ್ತಕ ಹೇಳುತ್ತಿತ್ತು.

"ಹೊರಗೆ ಕೂತಿದ್ದಾನಲ್ಲ ವಿಕಾಸ, ಮಗುವಾಗಿದ್ದಾಗ ಅವನಿಗೆ ಮೊದಲ ಇಂಜೆಕ್ಷನ್ ಕೊಟ್ಟದ್ದೇ ನಾನು. ಈಗ ಅವನಲ್ಲಿ ನಿನ್ನ ಹೆಸರು ಎಂತ ಅಂತ ಕೇಳ್ಬೇಕಾ?" ಎಂದರು ರತ್ನಕ್ಕ.

"ಕೇಳ್ಬೇಕು ರತ್ನಕ್ಕ."

"ನಗ್ತಾರೆ ಅಷ್ಟೆ. ಮತ್ತೆ ಜನ್ಮದಿನಾಂಕ ಕೇಳಿ ಎಂತ ಪ್ರಯೋಜನ? ಐವತ್ತು ದಾಟಿದವರದ್ದೆಲ್ಲ ಜೂನ್ ಒಂದು. ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದದ್ದು. ನನ್ನದೂ ಜೂನ್ ಒಂದೇ."

ಆ ಮಾತಿನಲ್ಲಿ ಹುರುಳಿದ್ದುದರಿಂದ ಸಮೀಕ್ಷಾ ಜನ್ಮದಿನಾಂಕದ ಮಾತು ಬಿಟ್ಟಳು. ಕೆಂಪು ಅಕ್ಷರದ ವಿಷಯವನ್ನಾದರೂ ನಡೆಸಬೇಕೆಂದು ಮಾವನ ಬಳಿ ಹೋದಳು. ರಾಮದಾಸರು ಇಬ್ಬರ ಮುಖವನ್ನೂ ನೋಡಿ, "ಆಮೇಲೆ ನೋಡುವ" ಎಂದರು. ಅದು ಎಂಟು ತಿಂಗಳು ಹಾಗೆಯೇ ಉಳಿಯಿತು.

ನವೆಂಬರಿನಲ್ಲಿ ರತ್ನಕ್ಕನ ಬಲಗಣ್ಣಿಗೆ ಪೊರೆಯ ಆಪರೇಶನ್ ಆಯಿತು. ಒಂದು ವಾರ ರಜೆ. ಆಪರೇಶನ್ನಿನ ದಿನವೇ, ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ, ಎಲ್ಲೂರಿನ ಚೆನ್ನಪ್ಪ ಕುಂಟುತ್ತಾ ಬಂದರು. ಐವತ್ತೆಂಟು ವರ್ಷದ ಮೇಸ್ತ್ರಿ. ಕೆಂಪುಕಲ್ಲು ಕಾಲಿನ ಮೇಲೆ ಬಿದ್ದು ಆದ ಗಾಯ ಕೀವು ಕಟ್ಟಿ ಪಾದ ಊದಿಕೊಂಡಿತ್ತು. ರಾಮದಾಸರು ರೋಗಿಯೊಬ್ಬರ ಮನೆಗೆ ಹೋಗಿದ್ದರು. ಸಮೀಕ್ಷಾ ಗಾಯ ತೊಳೆದು ಪಟ್ಟಿ ಕಟ್ಟಿದಳು. ಮಾತ್ರೆ ಬರೆಯುವ ಮೊದಲು ಕೇಳಿದಳು.

"ಯಾವುದಾದರೂ ಔಷಧಿ ತಗೊಂಡು ಮೊದಲು ತೊಂದರೆ ಆದದ್ದು ಉಂಟಾ?"

"ಅಂಥದ್ದೆಂತ ಇಲ್ಲ ಮೇಡಂ," ಎಂದರು ಚೆನ್ನಪ್ಪ. ಸ್ವಲ್ಪ ಯೋಚಿಸಿ, "ಇದ್ರೂ ರತ್ನಕ್ಕನಿಗೆ ಗೊತ್ತುಂಟು" ಎಂದರು.

ಸಮೀಕ್ಷಾ ಕಾರ್ಡಿನ ಎರಡೂ ಬದಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ರತ್ನಕ್ಕನಿಗೆ ಫೋನು ಮಾಡಿದಳು. ಸ್ವಿಚ್ ಆಫ್ ಎಂದಿತು. ಹೊರಗೆ ಹದಿನಾರು ಮಂದಿ ಕಾಯುತ್ತಿದ್ದರು. ಅವಳು ಪೆನಿಸಿಲಿನ್ ಜಾತಿಯ ಮಾತ್ರೆಯನ್ನೇ ಬರೆದಳು. ಅಂಥ ಗಾಯಕ್ಕೆ ಸಾಮಾನ್ಯವಾಗಿ ಕೊಡುವ ಔಷಧಿ ಅದು. ಮೊದಲ ಮಾತ್ರೆಯನ್ನು ಕ್ಲಿನಿಕ್ಕಿನಲ್ಲೇ ನುಂಗಿಸಿ ಅರ್ಧ ಗಂಟೆ ಕೂರಿಸುವ ರೂಢಿಯನ್ನು ಅವಳು ಬಂದಾಗಿನಿಂದ ಇಟ್ಟುಕೊಂಡಿದ್ದಳು. ಚೆನ್ನಪ್ಪ ಮಾತ್ರೆ ನುಂಗಿ ಹೊರಗಿನ ಬೆಂಚಿನಲ್ಲಿ ಕೂತರು.

ಹತ್ತು ನಿಮಿಷ ಕಳೆದಿರಬಹುದು. ಅವರ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಮೇಡಂ, ಇವರಿಗೆ ಎಂತದೋ ಆಗ್ತಾ ಉಂಟು!" ಎಂದು ಕೂಗಿದಳು. ಸಮೀಕ್ಷಾ ಓಡಿ ಬಂದಾಗ ಚೆನ್ನಪ್ಪನ ತುಟಿ ಊದಿಕೊಂಡಿತ್ತು. ಕುತ್ತಿಗೆ, ಎದೆಯೆಲ್ಲ ಕೆಂಪಾಗಿತ್ತು. ಉಸಿರು ಸೀಟಿಯ ಹಾಗೆ ಕೇಳುತ್ತಿತ್ತು. ಹೊರಗೆ ಕೂತಿದ್ದ ಇಬ್ಬರು ಗಂಡಸರ ಸಹಾಯದಿಂದ ಅವರನ್ನು ಒಳಗೆ ಮಲಗಿಸಿ, ತುರ್ತಿನ ತಟ್ಟೆಯಿಂದ ಅಡ್ರಿನಾಲಿನ್ ತೆಗೆದು ತೊಡೆಗೆ ಚುಚ್ಚಿದಳು. ಆಮ್ಲಜನಕ ಹಾಕಿದಳು. ಕಾಲಿನ ಕೆಳಗೆ ದಿಂಬು ಇಟ್ಟಳು. ಐದು ನಿಮಿಷಕ್ಕೂ ಉಸಿರು ಸರಿಯಾಗದಾಗ ಇನ್ನೊಂದು ಇಂಜೆಕ್ಷನ್ ಕೊಟ್ಟಳು. ಆಮೇಲೆ ಸೀಟಿಯ ಸದ್ದು ನಿಧಾನವಾಗಿ ಕಡಿಮೆಯಾಯಿತು. ಆಂಬುಲೆನ್ಸ್ ಬಂದಾಗ ಅವಳೂ ಅದರೊಳಗೆ ಹತ್ತಿ ಉಡುಪಿಯವರೆಗೆ ಹೋದಳು. ಉದ್ದಕ್ಕೂ ಚೆನ್ನಪ್ಪನ ನಾಡಿಯ ಮೇಲಿಂದ ಬೆರಳು ತೆಗೆಯಲಿಲ್ಲ.

ಆಸ್ಪತ್ರೆಯವರು ಎರಡು ದಿನ ಇರಿಸಿಕೊಳ್ಳುತ್ತೇವೆ, ಇನ್ನು ಹೆದರಬೇಕಾಗಿಲ್ಲ ಎಂದರು. ಸಮೀಕ್ಷಾ ಆಸ್ಪತ್ರೆಯ ಹೊರಗಿನ ಮೆಟ್ಟಿಲಲ್ಲಿ ಕೂತು ಮಾವನಿಗೆ ಫೋನು ಮಾಡಿದಳು.

"ರತ್ನಕ್ಕನಿಗೆ ಗೊತ್ತುಂಟು ಅಂತ ಅವರು ಹೇಳಿದ್ರು ಮಾವ. ನನಗೆ ಕೇಳಿಸಿತ್ತು. ಆದರೂ ಕೊಟ್ಟೆ. ಬೇರೆ ಮಾತ್ರೆ ಬರೀಬಹುದಿತ್ತು."

ರಾಮದಾಸರು, "ನೀನು ಅಲ್ಲೇ ಇರು. ನಾನು ಬರ್ತೇನೆ" ಎಂದರು.

ಸಂಜೆ ಚೆನ್ನಪ್ಪ ದಿಂಬಿಗೆ ಒರಗಿ ಕೂತಿದ್ದರು. ಅವರ ಮಗಳು ವಿಜೇತಾ ಕಾರ್ಕಳದಿಂದ ಬಂದಿದ್ದಳು. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ರಾಮದಾಸರು ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತರು.

"ಚೆನ್ನಪ್ಪ, ತಪ್ಪು ನಮ್ಮದು. ನಿಮಗೆ ಈ ಔಷಧಿ ಆಗುವುದಿಲ್ಲ ಅಂತ ರತ್ನನಿಗೆ ಗೊತ್ತಿತ್ತಂತೆ. ಈಗ ತಾನೆ ಅವಳ ಮಗನ ಫೋನಿನಲ್ಲಿ ಕೇಳಿದೆ. ಹಿಂದೆ ಒಂದು ಸಲ ನಿಮಗೆ ಮೈಯೆಲ್ಲ ದದ್ದು ಎದ್ದಿತ್ತು. ನಾನು ಅದನ್ನು ಕಾರ್ಡಿನಲ್ಲಿ ಬರೆಯಬೇಕಿತ್ತು. ಬರೆಯಲಿಲ್ಲ."

"ಹೋಗ್ಲಿ ಬಿಡಿ ಡಾಕ್ಟ್ರೆ. ಸತ್ತಿಲ್ಲ ಅಲ್ವಾ," ಎಂದರು ಚೆನ್ನಪ್ಪ. ಗಂಟಲು ಇನ್ನೂ ಒರಟಾಗಿತ್ತು. "ನನಗೇ ನೆನಪಿರಲಿಲ್ಲ. ರತ್ನಕ್ಕ ಆ ದಿನ, ನೀವು ತಲೆಬಿಸಿ ಮಾಡ್ಬೇಡಿ, ನಾನು ನೆನಪಿಟ್ಟುಕೊಳ್ತೇನೆ ಅಂದಿದ್ರು."

"ಅಪ್ಪ, ನೀವು ಸುಮ್ಮನಿರಿ," ಎಂದಳು ವಿಜೇತಾ. ಅವಳು ದನಿ ಏರಿಸಲಿಲ್ಲ. "ಡಾಕ್ಟ್ರೆ, ಒಂದು ಕೇಳ್ತೇನೆ. ಇಂಥದ್ದು ಬರೆಯದೆ ಉಳಿದವರು ಇನ್ನು ಎಷ್ಟು ಜನ ಇದ್ದಾರೆ?"

ರಾಮದಾಸರು ಸಮೀಕ್ಷಾಳ ಕಡೆ ನೋಡಿದರು. ಸಮೀಕ್ಷಾ, "ಗೊತ್ತಿಲ್ಲ" ಎಂದಳು.

"ಹಾಗಾದ್ರೆ ನಾಳೆ ಬೇರೆ ಯಾರಿಗಾದ್ರೂ ಹೀಗೆ ಆಗಬಹುದು."

"ಆಗಬಹುದು," ಎಂದರು ರಾಮದಾಸರು.

"ನೀವು ಎಂತ ಮಾಡ್ತೀರಿ, ಯಾವಾಗ ಮುಗಿಸ್ತೀರಿ ಅಂತ ನನಗೆ ಬರೆದು ಕೊಡಿ. ನಾನು ನಿಮ್ಮ ಮೇಲೆ ಎಲ್ಲಿಗೂ ದೂರು ಕೊಡ್ಲಿಕ್ಕೆ ಹೋಗುವುದಿಲ್ಲ. ಆದ್ರೆ ಬಂದು ನೋಡ್ತೇನೆ."

ರಾಮದಾಸರು ಅಲ್ಲೇ ಚೀಲದಿಂದ ತಮ್ಮ ಹೆಸರಿನ ಕಾಗದ ತೆಗೆದು ಬರೆದರು. ಡಿಸೆಂಬರ್ ಮೂವತ್ತೊಂದರ ಒಳಗೆ ಕ್ಲಿನಿಕ್ಕಿಗೆ ಬರುವ ಎಲ್ಲರನ್ನೂ ಕೇಳಿ, ಆಗದ ಔಷಧಿಯನ್ನು ಕಾರ್ಡಿನಲ್ಲೂ ಕಂಪ್ಯೂಟರಿನಲ್ಲೂ ದಾಖಲಿಸುತ್ತೇವೆ ಎಂದು. ಕೆಳಗೆ ಇಬ್ಬರು ಡಾಕ್ಟರರೂ ಸಹಿ ಹಾಕಿದರು. ವಿಜೇತಾ ಅದನ್ನು ಎರಡು ಸಲ ಓದಿ ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ರತ್ನಕ್ಕ ಮುಂದಿನ ಬುಧವಾರ ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದರು. ಬಂದವರು ಮೇಜು ಒರೆಸಲಿಲ್ಲ. ನೇರ ಸಮೀಕ್ಷಾಳ ಕೋಣೆಗೆ ಹೋದರು. ರೋಗಿಗಳ ಎದುರು ಮೇಡಂ ಎನ್ನುವ ಅವರು, ಯಾರೂ ಇಲ್ಲದಾಗ ಅವಳನ್ನು ಚಿಕ್ಕಂದಿನ ಹಾಗೆ ಹೆಸರು ಹಿಡಿದೇ ಕರೆಯುತ್ತಿದ್ದರು.

"ಸಮೀಕ್ಷಾ, ಒಂದು ದಿನ ಕಾಯ್ಲಿಕ್ಕೆ ಆಗ್ತಿರಲಿಲ್ವಾ ನಿನಗೆ? ನನಗೆ ಗೊತ್ತಿತ್ತು."

"ನಿಮಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಕಾಯಬೇಕಿತ್ತು, ಅದು ನನ್ನ ತಪ್ಪು. ಆದ್ರೆ ನೀವು ಫೋನ್ ಎತ್ತಲೇಬೇಕು ಅಂತ ಇರುವುದು ಸರಿಯಾ ರತ್ನಕ್ಕ? ನಿಮ್ಮ ಕಣ್ಣಿನ ಆಪರೇಶನ್ ಆಗುವಾಗಲೂ?"

ರತ್ನಕ್ಕ ಕನ್ನಡಕ ತೆಗೆದು ಕಣ್ಣಿನ ಅಂಚು ಒರೆಸಿಕೊಂಡರು. ಆ ಕಣ್ಣಿನಿಂದ ಹೇಗೂ ನೀರು ಬರುತ್ತಿತ್ತು.

ಅಂದಿನಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕ್ಲಿನಿಕ್ ಮುಚ್ಚುವುದೆಂದು ರಾಮದಾಸರು ಬಾಗಿಲಿಗೆ ಚೀಟಿ ಅಂಟಿಸಿದರು. ಆ ಎರಡು ಗಂಟೆ ರತ್ನಕ್ಕ ಹೇಳುವುದು, ಸಮೀಕ್ಷಾ ಟೈಪ್ ಮಾಡುವುದು. ಜನ್ಮದಿನಾಂಕದ ಬದಲು ಮನೆಯ ಹೆಸರು ಮತ್ತು ಫೋನ್ ನಂಬರಿನ ಕೊನೆಯ ನಾಲ್ಕು ಅಂಕೆ ಬರೆಯುವುದೆಂದು ತೀರ್ಮಾನವಾಯಿತು. ಅದು ರತ್ನಕ್ಕನದೇ ಸಲಹೆ. ವಸಂತಿ ಎಂಬ ನಾಲ್ವರು, ಸರಸ ಎಂಬ ಮೂವರು ಇದ್ದ ಕಡೆ ಮನೆಯ ಹೆಸರೇ ಗುರುತು.

ರತ್ನಕ್ಕ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಊರಿನ ಒಂದು ಕಡೆಯಿಂದ ಶುರುಮಾಡಿ, ದಾರಿಯಲ್ಲಿ ನಡೆಯುತ್ತಿರುವ ಹಾಗೆ, ಮನೆ ಮನೆಯಾಗಿ. "ಬಸ್‌ಸ್ಟ್ಯಾಂಡಿನ ಹತ್ತಿರ ಉಮಾನಾಥರು, ಅವರಿಗೆ ಸಲ್ಫಾ. ಅವರ ಮಗ ಕೀರ್ತನ್, ಅವನಿಗೆ ಎಂತ ಇಲ್ಲ. ಅದರ ಹಿಂದಿನ ಮನೆಯ ಅಕ್ಕು, ಕೆಮ್ಮಿನ ಸಿರಪ್ ಕುಡಿದ್ರೆ ತಲೆ ತಿರುಗ್ತದೆ." ಸಮೀಕ್ಷಾ ಕೆಲವೊಮ್ಮೆ ಟೈಪ್ ಮಾಡುವುದನ್ನು ನಿಲ್ಲಿಸಿ ಸುಮ್ಮನೆ ಕೇಳುತ್ತಿದ್ದಳು. ಇಷ್ಟನ್ನು ಒಬ್ಬರು ಹೊತ್ತುಕೊಂಡಿದ್ದರೆಂಬುದು ಅವಳಿಗೆ ಎದುರಿಗೆ ಕೂತು ಕೇಳಿದಾಗಲೇ ತಿಳಿದದ್ದು.

ಹೇಳಿ ಮುಗಿದ ಹೆಸರುಗಳನ್ನು ಹಾಗೆಯೇ ಬಿಡುವಂತಿರಲಿಲ್ಲ. ಪ್ರತಿಯೊಬ್ಬರಿಗೂ ಫೋನು ಮಾಡಿ ಕೇಳಿ ಖಚಿತಪಡಿಸಿಕೊಳ್ಳಬೇಕೆಂದು ಸಮೀಕ್ಷಾ ಹೇಳಿದಳು.

"ನಾನು ಹೇಳಿದ ಮೇಲೆ ಮತ್ತೆ ಎಂತ ಕೇಳುವುದು?" ಎಂದರು ರತ್ನಕ್ಕ.

"ನೀವು ಹೇಳಿದ್ದು ಸರಿಯೇ ಇರಬಹುದು. ಆದ್ರೂ ಕೇಳುವ."

"ನಾನೇ ಫೋನ್ ಮಾಡ್ತೇನೆ. ನೀನು ಮಾಡಿದ್ರೆ ಹೆದರ್ತಾರೆ."

ಹಾಗೆ ಫೋನು ರತ್ನಕ್ಕನ ಕೈಗೆ ಬಂತು. ಎರಡನೆಯ ವಾರದಲ್ಲಿ ಅವರು ಪಾಂಗಾಳದ ಮೌರಿಸರ ಮನೆಗೆ ಫೋನು ಮಾಡಿದರು. ಮೌರಿಸ್ ಮತ್ತು ಲೂಯಿಸ್ ಅಣ್ಣತಮ್ಮಂದಿರು. ಇಬ್ಬರಿಗೂ ಅರವತ್ತು ದಾಟಿತ್ತು, ಒಂದೇ ಕಂಪೌಂಡಿನಲ್ಲಿ ಎರಡು ಮನೆ. ಅಣ್ಣ ಮೌರಿಸ್ ಹಡಗಿನ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ತಮ್ಮ ಲೂಯಿಸ್‌ಗೆ ಸಣ್ಣದೊಂದು ಟೈಲರಿಂಗ್ ಅಂಗಡಿ. ಮೌರಿಸರಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕೊಟ್ಟರೆ ಉಸಿರು ಕಟ್ಟುತ್ತದೆ ಎಂದು ರತ್ನಕ್ಕ ಬರೆಸಿದ್ದರು. ಲೂಯಿಸ್‌ಗೆ ಏನೂ ಇಲ್ಲ.

ಫೋನೆತ್ತಿದ್ದು ಮೌರಿಸರ ಹೆಂಡತಿ. ರತ್ನಕ್ಕ ಕೇಳಿದ್ದಕ್ಕೆ ಅವರು, "ಇವರಿಗೆ ಅಲ್ಲ ರತ್ನಕ್ಕ. ಅದು ಲೂಯಿಸ್‌ಗೆ ಆದದ್ದು" ಎಂದರು.

"ಇಲ್ಲ ಇಲ್ಲ. ನಾನೇ ಇದ್ದೆನಲ್ಲ. ಮೌರಿಸಣ್ಣನನ್ನು ಮಂಚದಲ್ಲಿ ಮಲಗಿಸಿ ನಾನೇ ಗಾಳಿ ಹಾಕಿದ್ದು."

"ಮಲಗಿಸಿದ್ದು ಹೌದು. ತಮ್ಮನಿಗೆ ಉಸಿರು ಸಿಗದ್ದು ನೋಡಿ ಇವರಿಗೆ ತಲೆ ತಿರುಗಿತ್ತು. ಇಂಜೆಕ್ಷನ್ ತಗೊಂಡದ್ದು ಲೂಯಿಸ್, ಬೆನ್ನುನೋವಿಗೆ. ಇವರು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದದ್ದು ಅಷ್ಟೆ."

ರತ್ನಕ್ಕ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು. ಹನ್ನೆರಡು ವರ್ಷದ ಹಿಂದಿನ ಆ ಬೆಳಿಗ್ಗೆ ಅವರಿಗೆ ಕಣ್ಣಿಗೆ ಕಟ್ಟಿದಂತಿತ್ತು. ಮಂಚದ ಮೇಲೆ ಬಿಳಿಚಿಕೊಂಡು ಮಲಗಿದ ಮೌರಿಸ್. ಅದೇ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ ಲೂಯಿಸ್, ಅವರ ಎದುರು ಬಾಗಿ ನಿಂತ ರಾಮದಾಸರು. ಆ ಕುರ್ಚಿ ಅವರ ನೆನಪಿನಲ್ಲಿ ಇಷ್ಟು ವರ್ಷ ಇರಲೇ ಇಲ್ಲ. ಈಗ ಇತ್ತು.

ಅವರು ಫೋನಿಟ್ಟು ಲೂಯಿಸರ ಕಾರ್ಡು ಹುಡುಕಿ ತೆಗೆದರು. ಕೊನೆಯ ಸಾಲು ಆರು ದಿನದ ಹಿಂದಿನದು. ಮೊಣಕಾಲು ನೋವಿಗೆಂದು ರಾಮದಾಸರು ಬರೆದದ್ದು ಡೈಕ್ಲೋಫೆನಾಕ್ ಮಾತ್ರೆಯನ್ನೇ. ಬರೆಯುವಾಗ ರತ್ನಕ್ಕ ಬಾಗಿಲ ಬಳಿ ಇದ್ದರು. ಏನೂ ಹೇಳಿರಲಿಲ್ಲ, ಲೂಯಿಸರನ್ನು ಕೇಳಿಯೂ ಇರಲಿಲ್ಲ.

"ಸಮೀಕ್ಷಾ," ಎಂದರು ರತ್ನಕ್ಕ. "ಈಗಲೇ ಹೋಗಬೇಕು. ಕಾರು ತೆಗಿ."

ಲೂಯಿಸ್‌ಗೆ ದಾರಿಯಿಂದಲೇ ಫೋನು ಮಾಡಿ ಮಾತ್ರೆ ತಿನ್ನಬೇಡಿ ಎಂದರು. ಪಾಂಗಾಳಕ್ಕೆ ಹತ್ತು ನಿಮಿಷದ ದಾರಿ. ಲೂಯಿಸ್ ಅಂಗಳದಲ್ಲೇ ನಿಂತಿದ್ದರು, ಮಾತನಾಡುವಾಗ ಮಧ್ಯೆ ಮಧ್ಯೆ ಕೆಮ್ಮುತ್ತಿದ್ದರು. ಐದು ದಿನದಿಂದ ಕೆಮ್ಮು, ಎದೆ ಬಿಗಿದ ಹಾಗೆ, ಹೈವೇ ಕೆಲಸದ ಧೂಳಿರಬೇಕು ಎಂದುಕೊಂಡಿದ್ದರಂತೆ. ಸಮೀಕ್ಷಾ ಅವರನ್ನು ಒಳಗೆ ಕೂರಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟಳು. ಎರಡೂ ಕಡೆ ಸಣ್ಣಗೆ ಸೀಟಿ ಕೇಳುತ್ತಿತ್ತು.

"ಇಂಜೆಕ್ಷನ್ ಆಗುವುದಿಲ್ಲ ಅಂತ ನನಗೆ ಗೊತ್ತುಂಟು. ಮಾತ್ರೆಯೂ ಅದೇ ಅಂತ ನನಗೆಂತ ಗೊತ್ತು? ಇದರ ಹೆಸರು ಬೇರೆ," ಎಂದರು ಲೂಯಿಸ್. ಮಾತ್ರೆಯ ಪಟ್ಟಿಯಲ್ಲಿ ಇನ್ನು ನಾಲ್ಕು ಉಳಿದಿದ್ದವು.

ಸಮೀಕ್ಷಾ ಅದನ್ನು ತೆಗೆದುಕೊಂಡು, ಉಸಿರಿನ ಪಂಪು ಕೊಟ್ಟು, ಸೇದುವ ಕ್ರಮ ತೋರಿಸಿದಳು. ಅಷ್ಟರಲ್ಲಿ ಮೌರಿಸ್ ಹೆಬ್ಬೆರಳು ಊರದೆ ಹಿಮ್ಮಡಿಯಲ್ಲಿ ನಡೆಯುತ್ತಾ ತಮ್ಮನ ಮನೆಗೆ ಬಂದು ಕೂತರು. ಯೂರಿಕ್ ಆಸಿಡ್ ಏರಿ ಅವರ ಹೆಬ್ಬೆರಳು ವರ್ಷಕ್ಕೆ ಮೂರು ನಾಲ್ಕು ಸಲ ಬಾತುಕೊಳ್ಳುತ್ತಿತ್ತು.

ನಾನು ಹೇಳಲಾ ಎಂಬಂತೆ ಸಮೀಕ್ಷಾ ರತ್ನಕ್ಕನ ಮುಖ ನೋಡಿದಳು. ರತ್ನಕ್ಕ ಬೇಡವೆಂದು ಕೈ ಮಾಡಿದರು.

"ಲೂಯಿಸಣ್ಣ, ಮೌರಿಸಣ್ಣ, ಇಬ್ಬರೂ ಕೇಳಿ. ನನ್ನ ತಪ್ಪು ಇದು. ಆ ದಿನ ಆದದ್ದು ಲೂಯಿಸಣ್ಣನಿಗೆ. ನಾನು ಮೌರಿಸಣ್ಣನಿಗೆ ಅಂತ ತಲೆಯಲ್ಲಿ ಇಟ್ಟುಕೊಂಡೆ. ಡಾಕ್ಟ್ರು ನನ್ನ ಮಾತು ನಂಬಿ ಬರೆದದ್ದು. ಲೂಯಿಸಣ್ಣನಿಗೆ ಕೊಡಬಾರದ್ದು ಕೊಟ್ಟೆವು. ಮೌರಿಸಣ್ಣನಿಗೆ ಕೊಡಬಹುದಾದದ್ದು ಕೊಡಲಿಲ್ಲ."

ಮೌರಿಸ್ ಹೆಬ್ಬೆರಳು ನೋಡಿಕೊಂಡರು.

"ಅಂದ್ರೆ ಹನ್ನೆರಡು ವರ್ಷದಿಂದ ಈ ಕಾಲಿಗೆ ಬರೀ ಪ್ಯಾರಾಸಿಟಮಾಲ್ ತಿಂದು ನಾನು ಬೊಬ್ಬೆ ಹೊಡೆದದ್ದು…"

"ನನ್ನಿಂದ," ಎಂದರು ರತ್ನಕ್ಕ.

ಮೌರಿಸರಿಗೆ ಸಿಟ್ಟು ಬಂತು. ಕೊಂಕಣಿಯಲ್ಲಿ ಏನೋ ಹೇಳಿ ಎದ್ದು ಅಂಗಳಕ್ಕೆ ಹೋಗಿ ಬೆನ್ನು ಹಾಕಿ ನಿಂತರು. ಲೂಯಿಸ್, "ಬಿಡಿ ರತ್ನಕ್ಕ, ಅವನಿಗೆ ಸ್ವಲ್ಪ ಹೊತ್ತು ಬೇಕು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮೌರಿಸ್ ಒಳಗೆ ಬಂದು ಸಮೀಕ್ಷಾಳ ಹತ್ತಿರ ಮಾತ್ರ ಮಾತಾಡಿದರು. ಇನ್ನಾದರೂ ಸರಿಯಾದ ಔಷಧಿ ಬರೆಯುತ್ತೀರಾ ಎಂದು ಕೇಳಿದರು. ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ, ಅದನ್ನು ನೋಡಿ ಬರೆಯುತ್ತೇನೆ ಎಂದಳು ಸಮೀಕ್ಷಾ. ಇವರು ಹೊರಡುವಾಗಲೂ ಮೌರಿಸ್ ರತ್ನಕ್ಕನ ಕಡೆ ನೋಡಲಿಲ್ಲ.

ಕಾರಿನಲ್ಲಿ ರತ್ನಕ್ಕ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಕಾಪು ಹತ್ತಿರವಾದಾಗ ಕೇಳಿದರು.

"ಇದು ಒಂದೇನಾ? ಬೇರೆಯೂ ಇರಬಹುದಾ?"

"ಇರಬಹುದು."

"ಹಾಗಾದ್ರೆ ನಾನು ನಿನ್ನೆಯವರೆಗೆ ಫೋನ್ ಮಾಡಿದವರಿಗೂ ಇನ್ನೊಂದು ಸಲ ಮಾಡ್ಬೇಕು. ನಿಮಗೆ ಸಲ್ಫಾ ಆಗುವುದಿಲ್ಲ ಅಲ್ವಾ ಅಂತ ಕೇಳಿದ್ದೆ ನಾನು. ಹಾಗೆ ಕೇಳಿದ್ರೆ ಎಲ್ಲರೂ ಹೌದು ಅಂತ್ಲೇ ಹೇಳ್ತಾರೆ. ನಿಮಗೆ ಯಾವುದು ಆಗುವುದಿಲ್ಲ ಅಂತ ಕೇಳ್ಬೇಕು."

ಸಮೀಕ್ಷಾ ಗಾಡಿ ನಿಧಾನ ಮಾಡಿ ಅವರ ಕಡೆ ನೋಡಿದಳು. ಪುಸ್ತಕದ ನಲವತ್ತು ಪುಟದಲ್ಲಿ ಆ ಮಾತು ಎಲ್ಲೂ ಇರಲಿಲ್ಲ.

ಮರುದಿನದಿಂದ ಎಲ್ಲ ಮೊದಲಿನಿಂದ ಶುರುವಾಯಿತು. ರತ್ನಕ್ಕ ನೆನಪಿನಿಂದ ಹೇಳಿದ್ದು ನೂರ ನಲವತ್ತಾರು ಮಂದಿಯ ವಿಷಯ. ಅದರಲ್ಲಿ ಆರು ಮಂದಿ ತೀರಿಕೊಂಡಿದ್ದರು ಅಥವಾ ಊರು ಬಿಟ್ಟಿದ್ದರು. ನೂರ ಮೂವತ್ತೊಂದು ಸರಿಯಿತ್ತು. ಒಂಬತ್ತು ತಪ್ಪಿತ್ತು. ಅವರಿಗೆ ಗೊತ್ತೇ ಇಲ್ಲದ ಐವತ್ತೆಂಟು ಮಂದಿ ಹೊಸದಾಗಿ ಸಿಕ್ಕಿದರು. ಕೆಲವರು ಬೇರೆ ಊರಿನ ಆಸ್ಪತ್ರೆಯಲ್ಲಿ ತೊಂದರೆಯಾದದ್ದನ್ನು ಹೇಳಿಯೇ ಇರಲಿಲ್ಲ. ಕೇಳಿದವರು ಯಾರು? ಒಂಬತ್ತು ಎಂಬ ಅಂಕೆಯನ್ನು ರತ್ನಕ್ಕ ಮನೆಯಲ್ಲಿ ಮಗನಿಗೂ ಹೇಳಲಿಲ್ಲ. ನೂರ ಮೂವತ್ತೊಂದನ್ನು ರಾಮದಾಸರು ಎಲ್ಲರಿಗೂ ಹೇಳಿಕೊಂಡು ಬಂದರು.

ಕೆಲಸ ಸುಲಭವಾಗಿರಲಿಲ್ಲ. ಮಧ್ಯಾಹ್ನ ಬಾಗಿಲು ಮುಚ್ಚಿದ್ದನ್ನು ನೋಡಿ ಕೆಲವರು ಗೊಣಗಿದರು. ಹೆಸರು, ಮನೆ, ಫೋನ್ ನಂಬರು ಕೇಳಿದಾಗ ಹಳೆಯ ರೋಗಿಯೊಬ್ಬರು, "ಎಂತ ಮಾರಾಯ್ತಿ, ಇದು ಪೊಲೀಸ್ ಸ್ಟೇಷನ್ನಾ?" ಎಂದು ಎದ್ದು ಹೋದರು, ಮತ್ತೆ ಬರಲಿಲ್ಲ. ಚೆನ್ನಪ್ಪನ ಸುದ್ದಿ ಕೇಳಿ ಎರಡು ಮೂರು ಕುಟುಂಬಗಳು ಬೇರೆ ಡಾಕ್ಟರರನ್ನು ಹಿಡಿದವು. ರಾಮದಾಸರು ಅದನ್ನು ತಡೆಯುವ ಪ್ರಯತ್ನ ಮಾಡಲಿಲ್ಲ. ಯಾರಾದರೂ ಕೇಳಿದರೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತಿದ್ದರು.

ಡಿಸೆಂಬರ್ ಮೂವತ್ತರಂದು ವಿಜೇತಾ ಬಂದಳು, ಜೊತೆಗೆ ಚೆನ್ನಪ್ಪ. ಗಾಯ ಮಾಗಿ ಅವರು ಕೆಲಸಕ್ಕೆ ಹೋಗಲು ಶುರುಮಾಡಿದ್ದರು. ವಿಜೇತಾ ಕಾರ್ಡುಗಳ ಕಪಾಟಿನ ಮುಂದೆ ನಿಂತು, "ನಾನು ಯಾವುದಾದರೂ ಇಪ್ಪತ್ತು ತೆಗಿಬಹುದಾ? ಓದುವುದಿಲ್ಲ, ಆಗದ ಔಷಧಿ ಬರೆಯುವ ಮೇಲಿನ ಸಾಲು ತುಂಬಿದೆಯಾ ಅಂತ ಮಾತ್ರ ನೋಡ್ತೇನೆ" ಎಂದಳು. ಉಳಿದದ್ದನ್ನು ಸಮೀಕ್ಷಾ ಕೈಯಿಂದ ಮುಚ್ಚಿ ಹಿಡಿದಳು. ಹತ್ತೊಂಬತ್ತರಲ್ಲಿ ಮೇಲಿನ ಸಾಲು ತುಂಬಿತ್ತು. ಒಂದರಲ್ಲಿ ಖಾಲಿ. ಆ ರೋಗಿ ದುಬೈಯಲ್ಲಿದ್ದರು.

"ಫೋನ್ ಮಾಡಿ," ಎಂದಳು ವಿಜೇತಾ.

ಅವಳ ಎದುರೇ ರತ್ನಕ್ಕ ವಾಟ್ಸಾಪಿನಲ್ಲಿ ಕರೆದು ಕೇಳಿ ಬರೆದರು. ವಿಜೇತಾ ಪರ್ಸಿನಿಂದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಚೆನ್ನಪ್ಪನಿಗೆ ಸಮೀಕ್ಷಾ ಪೆನಿಸಿಲಿನ್ ಆಗುವುದಿಲ್ಲ ಎಂದು ಬರೆದ ಸಣ್ಣ ಚೀಟಿಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕೊಟ್ಟಿದ್ದಳು. ಅವರು ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದರು.

"ರೇಷನ್ ಅಂಗಡಿಯಲ್ಲೂ ತೋರಿಸ್ತಾರೆ," ಎಂದಳು ವಿಜೇತಾ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಮೌರಿಸ್ ಜನವರಿಯಲ್ಲಿ ಬಂದರು. ರಕ್ತಪರೀಕ್ಷೆ ಸರಿಯಿತ್ತು, ಹೊಸ ಮಾತ್ರೆಗಳಿಂದ ನೋವು ಎರಡೇ ದಿನಕ್ಕೆ ಇಳಿದಿತ್ತು. ಲೂಯಿಸರ ಕೆಮ್ಮು ಮಾತ್ರೆ ಬಿಟ್ಟ ವಾರಕ್ಕೆ ನಿಂತಿತ್ತು. ಮೌರಿಸ್ ರತ್ನಕ್ಕನ ಎದುರು ನಿಂತು, "ಹೆಸರು ಮೌರಿಸ್. ಮನೆ ಪಾಂಗಾಳ. ಲೂಯಿಸ್ ಅಲ್ಲ" ಎಂದರು. ರತ್ನಕ್ಕ, "ಫೋನ್ ನಂಬರಿನ ಕೊನೆಯ ನಾಲ್ಕು ಅಂಕೆ?" ಎಂದು ಕೇಳಿದರು. ಮೌರಿಸ್ ಹೇಳಿದರು.

ಫೆಬ್ರವರಿಯಲ್ಲಿ ಪ್ರಮಾಣಪತ್ರದ ಪರಿಶೀಲನೆಗೆ ಇಬ್ಬರು ಬಂದು ಇಡೀ ದಿನ ಇದ್ದರು. ಔಷಧಿಯ ದಾಖಲೆ ಚೆನ್ನಾಗಿದೆ ಎಂದರು. ಗಾಲಿಕುರ್ಚಿ ಹತ್ತುವ ಇಳಿಜಾರಿಲ್ಲ, ಉಪಕರಣ ಕುದಿಸಿ ಶುದ್ಧ ಮಾಡಿದ ದಾಖಲೆ ಎರಡು ವಾರ ಬಿಟ್ಟುಹೋಗಿದೆ, ಅದನ್ನು ಸರಿಮಾಡಿ ಮೂರು ತಿಂಗಳ ಮೇಲೆ ಕರೆಯಿರಿ ಎಂದು ಬರೆದು ಹೋದರು. ಸಮೀಕ್ಷಾಳಿಗೆ ಬೇಸರವಾಯಿತು. ರಾಮದಾಸರು ಅಂದೇ ಇಳಿಜಾರು ಕಟ್ಟಲು ಚೆನ್ನಪ್ಪನನ್ನು ಕರೆಸಿದರು.

ಆ ಸಂಜೆ ರತ್ನಕ್ಕ ಕೆಲಸ ಬಿಡುವ ಮಾತು ತೆಗೆದರು. ಹೊಸದಾಗಿ ಸೇರಿದ ನರ್ಸ್ ಆಶ್ರಿತಾ ಚುರುಕಾಗಿದ್ದಾಳೆ, ತನಗೂ ಐವತ್ತೊಂಬತ್ತಾಯಿತು ಎಂದರು.

"ಇನ್ನು ನಾನು ಇದ್ದು ಎಂತ ಮಾಡುವುದು? ಎಲ್ಲ ಕಂಪ್ಯೂಟರಿನಲ್ಲಿ ಉಂಟಲ್ಲ."

"ಐವತ್ತೆಂಟು ಜನ ಹೊಸದಾಗಿ ಸಿಕ್ಕಿದ್ರಲ್ಲ, ಅವರು ಹೇಳಿದ್ದು ಯಾರಿಗೆ?" ಎಂದಳು ಸಮೀಕ್ಷಾ. "ನಾನು ಕೇಳಿದ್ರೆ ಎಲ್ಲರೂ ಅಂಥದ್ದೆಂತ ಇಲ್ಲ ಮೇಡಂ ಅಂತಾರೆ. ಚೆನ್ನಪ್ಪನೂ ಹಾಗೆಯೇ ಅಂದದ್ದು. ನೀವು ಕೇಳಿದ್ರೆ ಹೇಳ್ತಾರೆ. ಆಶ್ರಿತಾಳಿಗೆ ಹೇಗೆ ಕೇಳುವುದು ಅಂತ ಕಲಿಸಿ. ಎರಡು ವರ್ಷ ಇರಿ."

ಹೊರಗೆ ಇನ್ನೂ ಐದು ಮಂದಿ ಕಾಯುತ್ತಿದ್ದರು. ರತ್ನಕ್ಕ ಮುಂದೆ ಕೂತಿದ್ದ ಮುದುಕಿಯ ಕೈಹಿಡಿದು ಎಬ್ಬಿಸಿ ಒಳಗೆ ಕರೆತಂದರು, ಕುರ್ಚಿಯಲ್ಲಿ ಕೂರಿಸಿದರು, ಆಶ್ರಿತಾಳನ್ನು ಹತ್ತಿರ ಕರೆದು ನಿಲ್ಲಿಸಿಕೊಂಡರು. ಆಮೇಲೆ ಮುದುಕಿಯ ಕಿವಿಯ ಬಳಿ ಬಾಗಿ, ತುಳುವಿನಲ್ಲಿ, ಅವಸರವಿಲ್ಲದೆ ಕೇಳಲು ಶುರುಮಾಡಿದರು.